ಕೈಕಸುಬು ಪ್ರಶ್ನೋತ್ತರ: ಹಬ್ಬದ ಅಲಂಕಾರಕ್ಕೆ ಕ್ರೋಶದ ಪುಟ್ಟ ಗೊಂಬೆಗಳು

ತೆನೆ ಹಬ್ಬ ಮುಗಿದು ನವರಾತ್ರಿ ಹತ್ತಿರವಾಗುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿ ಬದಲಾಗುತ್ತದೆ. ಟೇಬಲ್ ಮ್ಯಾಟು, ಬಾಗಿಲ ತೋರಣದ ವಿಚಾರ ಹಿಂದೆ ಸರಿದು ಹತ್ತಿ ತುಂಬಿದ ಉಂಡೆ, ನಕ್ಷತ್ರ, ಮರ, ಹುಲಿಮುಖಗಳ ಪ್ರಶ್ನೆಗಳೇ ತುಂಬಿಕೊಳ್ಳುತ್ತವೆ. ಈ ಬಗೆಯ ಗೊಂಬೆಗಳಿಗೆ ಜಪಾನೀ ಭಾಷೆಯಲ್ಲಿ ಅಮಿಗುರುಮಿ ಎಂಬ ಹೆಸರಿದೆ. ಈ ಸಲ ಹೊಸದಾಗಿ ಕಡ್ಡಿ ಹಿಡಿದವರ ಪತ್ರಗಳನ್ನೇ ಆರಿಸಿಕೊಂಡಿದ್ದೇವೆ. ಚೈನ್, ಸ್ಲಿಪ್ ಸ್ಟಿಚ್, ಸಿಂಗಲ್ ಕ್ರೋಶ ಈ ಮೂರು ಬಂದರೆ ಇಲ್ಲಿರುವುದೆಲ್ಲ ಕೈಗೆ ಹತ್ತುತ್ತದೆ.

ಪ್ರಶ್ನೆ: ಕ್ರಿಸ್ಮಸ್ ಮರಕ್ಕೆ ತೂಗುಹಾಕಲು ಏನಾದರೂ ಹೆಣೆಯಬೇಕೆಂದಿದ್ದೇನೆ. ನಕ್ಷತ್ರದಿಂದ ಶುರು ಮಾಡಲೇ? ಯಾವ ನೂಲು, ಯಾವ ಕಡ್ಡಿ ಬೇಕು? (ಬಜ್ಪೆ)

ಉತ್ತರ: ನಕ್ಷತ್ರ ಎರಡನೆಯದಾಗಲಿ, ಮೊದಲು ಒಂದು ಉಂಡೆ ಹೆಣೆಯಿರಿ. ಹೆಚ್ಚಿಸುವುದು, ಸಮವಾಗಿ ಸುತ್ತುವುದು, ಕಡಿಮೆ ಮಾಡುವುದು, ತುಂಬುವುದು, ಬಾಯಿ ಮುಚ್ಚುವುದು ಎಲ್ಲವೂ ಉಂಡೆಯೊಂದರಲ್ಲೇ ಇದೆ. ಅದು ದುಂಡಗೆ ಬಂದರೆ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ) ಕುರಿ, ಹಿಮಮಾನವ, ಹುಲಿಯ ತಲೆ ಎಲ್ಲಕ್ಕೂ ಅದೇ ತಳಹದಿ.

ನೂಲು: 4 ಪ್ಲೈ ಹತ್ತಿ ನೂಲು. ಕಡ್ಡಿ: 2.5 ಮಿ.ಮೀ. ನೂಲಿನ ಲೇಬಲ್ ಮೇಲೆ 3 ಅಥವಾ 3.5 ಮಿ.ಮೀ. ಕಡ್ಡಿ ಎಂದು ಬರೆದಿರಬಹುದು. ಆ ಅಳತೆ ಶಾಲು, ಕುಲಾವಿಯಂಥ ಮೆತ್ತನೆಯ ಬಟ್ಟೆಗೆ ಸರಿ. ತುಂಬುವ ಗೊಂಬೆಗೆ ಅದಕ್ಕಿಂತ ಅರ್ಧ ಅಥವಾ ಒಂದು ಮಿ.ಮೀ. ಚಿಕ್ಕ ಕಡ್ಡಿಯೇ ಬೇಕು, ಇಲ್ಲದಿದ್ದರೆ ಹೊಲಿಗೆಗಳ ನಡುವಿನಿಂದ ಬಿಳಿ ಹತ್ತಿ ಇಣುಕುತ್ತದೆ. ಅಕ್ರಿಲಿಕ್ ಉಲ್ಲನ್‌ನಲ್ಲೂ ಮಾಡಬಹುದು, ಬಣ್ಣಗಳೂ ಹೆಚ್ಚು ಸಿಗುತ್ತವೆ. ಆದರೆ ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರಿದ ಬೆರಳಿಗೆ ಅಕ್ರಿಲಿಕ್ ಅಂಟಿಕೊಂಡು ಜಾರದೆ ನಿಲ್ಲುತ್ತದೆ, ಹತ್ತು ಸುತ್ತು ಹೆಣೆಯುವಷ್ಟರಲ್ಲಿ ಬಿಗಿ ಏರುಪೇರಾಗುತ್ತದೆ. ಕಲಿಯುವ ದಿನಗಳಿಗೆ ಹತ್ತಿಯೇ ಮೇಲು. ಕಪ್ಪು, ಕಡು ನೀಲಿ ಬಣ್ಣ ಮಾತ್ರ ಬೇಡ. ಹೊಲಿಗೆ ಕಣ್ಣಿಗೆ ಕಾಣದಿದ್ದರೆ ಎಣಿಸುವುದು ಹೇಗೆ? ತಿಳಿ ಹಳದಿ, ತಿಳಿ ಹಸಿರು, ಕೆನೆ ಬಣ್ಣ ಒಳ್ಳೆಯದು.

ಉಂಡೆಯ ಲೆಕ್ಕ ಹೀಗೆ. ಎಲ್ಲವೂ ಸಿಂಗಲ್ ಕ್ರೋಶ. ಸುತ್ತನ್ನು ಜೋಡಿಸದೆ ಬಸವನಹುಳುವಿನ ಚಿಪ್ಪಿನಂತೆ ಸುತ್ತುತ್ತಲೇ ಹೋಗಬೇಕು.

1ನೇ ಸುತ್ತು: ತುದಿ ಎಳೆದರೆ ಬಿಗಿಯುವ ನೂಲಿನ ಕುಣಿಕೆಯಾದ ಮ್ಯಾಜಿಕ್ ರಿಂಗ್‌ನೊಳಗೆ 6.
2: ಪ್ರತಿ ಹೊಲಿಗೆಯಲ್ಲಿ 2. ಒಟ್ಟು 12.
3: 1 ಹೊಲಿಗೆ, ಮುಂದಿನದರಲ್ಲಿ 2, ಹೀಗೆ 6 ಸಲ. ಒಟ್ಟು 18.
4: 2 ಹೊಲಿಗೆ, ಮುಂದಿನದರಲ್ಲಿ 2, 6 ಸಲ. ಒಟ್ಟು 24.
5: 3 ಹೊಲಿಗೆ, ಮುಂದಿನದರಲ್ಲಿ 2, 6 ಸಲ. ಒಟ್ಟು 30.
6ರಿಂದ 10: ಏರಿಸದೆ ಇಳಿಸದೆ 30.
11: 3 ಹೊಲಿಗೆ, ಮುಂದಿನ ಎರಡನ್ನು ಒಂದು ಮಾಡಿ, 6 ಸಲ. ಒಟ್ಟು 24.
12: 2 ಹೊಲಿಗೆ, ಎರಡನ್ನು ಒಂದು, 6 ಸಲ. ಒಟ್ಟು 18. ಇಲ್ಲಿ ನಿಲ್ಲಿಸಿ ಪಾಲಿಯೆಸ್ಟರ್ ಫೈಬರ್ ತುಂಬಿ.
13: 1 ಹೊಲಿಗೆ, ಎರಡನ್ನು ಒಂದು, 6 ಸಲ. ಒಟ್ಟು 12. ಇನ್ನಷ್ಟು ತುಂಬಿ.
14: ಎರಡೆರಡನ್ನು ಒಂದು, 6 ಸಲ. ಒಟ್ಟು 6.

20 ಸೆಂ.ಮೀ. ಬಾಲ ಬಿಟ್ಟು ನೂಲು ಕತ್ತರಿಸಿ ದಬ್ಬಣಕ್ಕೆ ಪೋಣಿಸಿ. ಉಳಿದ 6 ಹೊಲಿಗೆಗಳ ಮುಂದಿನ ಎಳೆಗಳಲ್ಲಷ್ಟೇ ಸೂಜಿ ಹಾಯಿಸಿ ಎಳೆದರೆ ಬಾಯಿ ಚೀಲದಂತೆ ಮುಚ್ಚಿಕೊಳ್ಳುತ್ತದೆ. ಸೂಜಿಯನ್ನು ಉಂಡೆಯ ಮಧ್ಯದಿಂದ ಆಚೆ ತೆಗೆದು, ಅದೇ ನೂಲಿನಿಂದ ತೂಗುವ ಕುಣಿಕೆ ಮಾಡಿಕೊಳ್ಳಿ. ಒಟ್ಟು 300 ಹೊಲಿಗೆ, ಸುಮಾರು 10 ಮೀಟರ್ ನೂಲು, 4 ಸೆಂ.ಮೀ.ಗಿಂತ ತುಸು ದೊಡ್ಡ ಉಂಡೆ. ಒಂದು 50 ಗ್ರಾಂ ಉಂಡೆ ನೂಲಿನಲ್ಲಿ ಇಂಥ ಹತ್ತು ಹನ್ನೆರಡು ಧಾರಾಳವಾಗಿ ಆಗುತ್ತವೆ.

ಪ್ರಶ್ನೆ: ಮ್ಯಾಜಿಕ್ ರಿಂಗ್ ಎಷ್ಟು ಬಿಗಿದರೂ ಹತ್ತಿ ತುಂಬಿದ ಮೇಲೆ ನಡುವೆ ತೂತು ಬಿಡುತ್ತದೆ. (ಶಿರ್ವ)

ಉತ್ತರ: ನೀವು ಬಾಲದ ತುದಿಯನ್ನು ಎಳೆದು ಬಿಗಿದು ಅಲ್ಲೇ ಕತ್ತರಿಸುತ್ತಿದ್ದೀರಿ ಎಂದು ತೋರುತ್ತದೆ. ರಿಂಗನ್ನು ಹಿಡಿದಿಡುವುದು ಆ ಬಾಲ ಒಂದೇ, ಗಂಟಲ್ಲ. ಒಳಗಿನಿಂದ ಹತ್ತಿ ಒತ್ತಿದಾಗ ಅದು ಜಾರಿ ರಿಂಗ್ ಬಾಯಿ ತೆರೆಯುತ್ತದೆ. ಆರಂಭದಲ್ಲೇ 10 ಸೆಂ.ಮೀ. ಬಾಲ ಬಿಡಿ. ಎರಡನೇ ಸುತ್ತು ಮುಗಿದ ಮೇಲೆ ಬಿಗಿಯಾಗಿ ಎಳೆದು, ಸೂಜಿಗೆ ಪೋಣಿಸಿ, ಒಳಬದಿಯಲ್ಲಿ ಮೊದಲ ಸುತ್ತಿನ ಆರು ಹೊಲಿಗೆಗಳ ಬುಡದಲ್ಲಿ ಅದೇ ದಿಕ್ಕಿಗೆ ಇನ್ನೊಂದು ಪೂರ್ತಿ ಸುತ್ತು ಹಾಯಿಸಿ. ಆಮೇಲೆ ಒಂದು ಎಳೆಯ ಕೆಳಗೆ ನುಗ್ಗಿಸಿ ಎದುರು ದಿಕ್ಕಿಗೆ ಎರಡು ಮೂರು ಹೊಲಿಗೆ ಹಿಂದೆ ತನ್ನಿ. ದಿಕ್ಕು ತಿರುಗಿದ ನೂಲು ಜಾರುವುದಿಲ್ಲ.

ಹೊಳೆಯುವ ಮರ್ಸರೈಸ್ಡ್ ಹತ್ತಿ ನೂಲಿನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ರಿಂಗ್ ಕೈಗೇ ಹತ್ತದವರು 2 ಚೈನ್ ಹಾಕಿ, ಕಡ್ಡಿಯಿಂದ ಎರಡನೆಯ ಚೈನಿನಲ್ಲಿ 6 ಸಿಂಗಲ್ ಕ್ರೋಶ ಹಾಕಬಹುದು. ನಡುವೆ ಸೂಜಿಮೊನೆಯಷ್ಟು ತೂತು ಉಳಿಯುತ್ತದೆ. ಬಾಲದಿಂದ ಒಂದು ಹೊಲಿಗೆ ಹಾಕಿದರೆ ಅದೂ ಮಾಯ. ಇದರಲ್ಲಿ ಕೀಳರಿಮೆ ಪಡುವಂಥದ್ದು ಏನೂ ಇಲ್ಲ.

ಪ್ರಶ್ನೆ: 18 ಇರಬೇಕಾದಲ್ಲಿ 17 ಬರುತ್ತದೆ, ಒಮ್ಮೊಮ್ಮೆ 19. ಒಂದು ಹೊಲಿಗೆಯಿಂದ ಏನಾಗುತ್ತದೆ ಎಂದು ಮುಂದುವರಿದೆ, ಉಂಡೆ ಒಂದು ಪಕ್ಕಕ್ಕೆ ಸೊಟ್ಟಗಾಯಿತು. (ಮಣಿಪಾಲ)

ಉತ್ತರ: ಆರು ಪಾಲಿನ ಲೆಕ್ಕ ಇದು. ಒಂದು ಹೊಲಿಗೆ ತಪ್ಪಿದರೆ ಆ ಸುತ್ತಿನ ಕೊನೆಯ ಪಾಲು ಅರ್ಧಕ್ಕೆ ನಿಲ್ಲುತ್ತದೆ. ಮುಂದಿನ ಸುತ್ತಿನಲ್ಲಿ ಹೆಚ್ಚಿಸುವ ಜಾಗಗಳೆಲ್ಲ ಒಂದೊಂದು ಹೊಲಿಗೆ ಸರಿಯುತ್ತವೆ, ಐದನೇ ಸುತ್ತಿಗೆ ಒಂದು ಪಕ್ಕ ಉಬ್ಬಿ ಇನ್ನೊಂದು ಪಕ್ಕ ಒಳಸೇರುತ್ತದೆ. ಆದ್ದರಿಂದ ಎಲ್ಲೋ ಒಂದು ಹೊಲಿಗೆ ಸೇರಿಸಿ ಸರಿದೂಗಿಸಬೇಡಿ, ಆ ಸುತ್ತನ್ನು ಬಿಚ್ಚಿ. 18 ಹೊಲಿಗೆ ಮತ್ತೆ ಹಾಕಲು ಬೇಕಾಗುವುದು ಎರಡು ಮೂರು ನಿಮಿಷ.

17 ಬರುವುದಕ್ಕೆ ಸಾಮಾನ್ಯ ಕಾರಣ ಸುತ್ತಿನ ಮೊದಲ ಹೊಲಿಗೆ. ಬಿಗಿಯಾಗಿ ಹೆಣೆಯುವವರಲ್ಲಿ ಅದು ಪಕ್ಕದ ಹೊಲಿಗೆಯ ಅಡಿಗೆ ಸರಿದು ಅಡಗಿರುತ್ತದೆ. 19 ಬರುವುದು ನೂಲು ಸೀಳಿದಾಗ. 4 ಪ್ಲೈ ನೂಲಿನ ಎರಡು ಎಳೆಗಳ ನಡುವೆ ಕಡ್ಡಿ ನುಗ್ಗಿ, ಒಂದೇ ಹೊಲಿಗೆ ಎರಡಾಗಿ ಕಾಣುತ್ತದೆ. ಹೊಲಿಗೆಯನ್ನು ಮೇಲಿನಿಂದ ನೋಡಿದಾಗ ಮಲಗಿದ ಜಡೆಯಂತೆ ಎರಡು ಎಳೆ ಕಾಣುತ್ತವೆ. ಕಡ್ಡಿ ಆ ಎರಡರ ಕೆಳಗೂ ಒಟ್ಟಿಗೆ ಹೋಗಬೇಕು.

ಪ್ರತಿ ಸುತ್ತಿನ ಮೊದಲ ಹೊಲಿಗೆಗೆ ಗುರುತು ಹಾಕಲೇಬೇಕು. ಸೇಫ್ಟಿ ಪಿನ್ ಮಾತ್ರ ಬೇಡ. ಕಡಲ ಗಾಳಿಗೆ ಅದು ತುಕ್ಕು ಹಿಡಿದು, ಅರ್ಧಕ್ಕೆ ಬಿಟ್ಟ ಕೆಲಸದಲ್ಲಿ ಹೋಗದ ಕಂದು ಕಲೆ ಬಿಡುತ್ತದೆ. ಬೇರೆ ಬಣ್ಣದ ಹತ್ತು ಸೆಂ.ಮೀ. ನೂಲಿನ ತುಂಡು ಸಾಕು. ಸುತ್ತು ಮುಗಿದಾಗಲೆಲ್ಲ ಅದನ್ನು ಕಡ್ಡಿಯ ಮುಂದಿನಿಂದ ಹಿಂದಕ್ಕೆ, ಮುಂದಿನ ಸುತ್ತಿಗೆ ಹಿಂದಿನಿಂದ ಮುಂದಕ್ಕೆ ಮಡಚುತ್ತ ಹೋಗಿ. ಕೊನೆಗೆ ಎಳೆದರೆ ಸಲೀಸಾಗಿ ಬಂದುಬಿಡುತ್ತದೆ.

ಪ್ರಶ್ನೆ: ಮನೆಯಲ್ಲಿದ್ದ ಹಳೆಯ ಇಂಗ್ಲಿಷ್ ಪುಸ್ತಕ ನೋಡಿ ಗಂಟೆ ಹೆಣೆದೆ. ಅದರಲ್ಲಿದ್ದಂತೆ ಡಬಲ್ ಕ್ರೋಶವನ್ನೇ ಹಾಕಿದೆ. ಚಿತ್ರದಲ್ಲಿ ಗಟ್ಟಿಯಾಗಿದೆ, ನನ್ನದು ಮೀನುಬಲೆಯ ಹಾಗೆ. ಅಳತೆಯೂ ಎರಡು ಪಟ್ಟಾಗಿದೆ. (ಕದ್ರಿ)

ಉತ್ತರ: ತಪ್ಪು ನಿಮ್ಮ ಕೈಯದ್ದಲ್ಲ, ಹೆಸರಿನದ್ದು. ಬ್ರಿಟಿಷರು ಡಬಲ್ ಕ್ರೋಶ ಎನ್ನುವ ಹೊಲಿಗೆಯೇ ಅಮೆರಿಕನ್ನರ ಸಿಂಗಲ್ ಕ್ರೋಶ. ಬ್ರಿಟಿಷರ ಹಾಫ್ ಟ್ರೆಬಲ್ ಅಮೆರಿಕದಲ್ಲಿ ಹಾಫ್ ಡಬಲ್, ಅವರ ಟ್ರೆಬಲ್ ಇವರ ಡಬಲ್. ಹಳೆಯ ಪುಸ್ತಕಗಳು, ಕಾನ್ವೆಂಟುಗಳಲ್ಲಿ ಕಲಿತವರ ಬಾಯಿಮಾತು ಬಹುಮಟ್ಟಿಗೆ ಬ್ರಿಟಿಷ್ ಪದ್ಧತಿ. ಈಗ ಯೂಟ್ಯೂಬ್‌ನಲ್ಲಿ ಕಾಣುವುದು ಹೆಚ್ಚಾಗಿ ಅಮೆರಿಕದ್ದು. ಅಜ್ಜಿ ಒಂದು ಹೇಳುತ್ತಾರೆ, ಮೊಮ್ಮಗಳು ಇನ್ನೊಂದು ಮಾಡುತ್ತಾಳೆ, ಇಬ್ಬರೂ ಸರಿ.

ಗುರುತಿಸುವುದು ಸುಲಭ. ಎಲ್ಲಾದರೂ 'ಸಿಂಗಲ್ ಕ್ರೋಶ' ಎಂಬ ಪದ ಕಂಡರೆ ಅದು ಸಾಮಾನ್ಯವಾಗಿ ಅಮೆರಿಕದ್ದು, ಈಗಿನ ಬ್ರಿಟಿಷ್ ಪದ್ಧತಿಯಲ್ಲಿ ಆ ಹೆಸರಿನ ಹೊಲಿಗೆ ಇಲ್ಲ. 'ಹಾಫ್ ಟ್ರೆಬಲ್' ಎಂದಿದ್ದರೆ ಬ್ರಿಟಿಷ್. ಈ ಅಂಕಣದಲ್ಲಿ ನಾವು ಬಳಸುವುದು ಅಮೆರಿಕದ ಹೆಸರುಗಳನ್ನು. ನಿಮ್ಮ ಗಂಟೆಯನ್ನು ಅದೇ ನೂಲಿನಲ್ಲಿ ಗಿಡ್ಡ ಹೊಲಿಗೆ ಹಾಕಿ ಮತ್ತೆ ಮಾಡಿ. ಚಿತ್ರದಲ್ಲಿದ್ದಂತೆಯೇ ಬರುತ್ತದೆ.

ಪ್ರಶ್ನೆ: ಹಳೆ ದಿಂಬಿನ ಬೂರುಗದ ಹತ್ತಿ ತುಂಬಿದೆ. ಮುಟ್ಟಿದಾಗಲೆಲ್ಲ ನಯವಾದ ನಾರು ಉದುರುತ್ತದೆ, ಒಳಗೆ ಗಂಟುಗಂಟು. ಕಡಿಮೆ ಮಾಡಿದ ಜಾಗಗಳಲ್ಲಿ ತೂತುಗಳೂ ಇವೆ. (ಬ್ರಹ್ಮಾವರ)

ಉತ್ತರ: ಎರಡು ಬೇರೆ ಬೇರೆ ವಿಷಯ.

ಬೂರುಗದ ನಾರು ಬಹಳ ನುಣುಪು, ಒಂದಕ್ಕೊಂದು ಹಿಡಿದುಕೊಳ್ಳುವುದಿಲ್ಲ. ದಿಂಬಿನ ಒತ್ತು ನೇಯ್ಗೆಯ ಬಟ್ಟೆಯಲ್ಲಿ ಸರಿ, ಕ್ರೋಶದ ಹೊಲಿಗೆಯ ನಡುವಿಂದ ಸೋರುತ್ತದೆ. ಸಾದಾ ಹತ್ತಿಯೂ ನಮ್ಮ ಊರಿಗೆ ಅಷ್ಟು ಒಳ್ಳೆಯದಲ್ಲ. ತೇವ ಹೀರಿ ಗಟ್ಟಿಯಾಗುತ್ತದೆ, ಒಣಗಲು ದಿನಗಟ್ಟಲೆ ಬೇಕು. ಪಾಲಿಯೆಸ್ಟರ್ ಫೈಬರ್ ತುಂಬಿ. ಹೊಸದು ಕೊಳ್ಳಬೇಕೆಂದೇನೂ ಇಲ್ಲ, ಹಾಳಾದ ಫೈಬರ್ ದಿಂಬೊಂದನ್ನು ಬಿಚ್ಚಿ ತೊಳೆದು ಒಣಗಿಸಿದರೆ ನೂರು ಉಂಡೆಗೆ ಸಾಲುತ್ತದೆ. ನೂಲಿನ ಚೂರುಗಳನ್ನು ತುಂಬುವವರಿದ್ದಾರೆ. ಬಿಳಿ ಉಂಡೆಯೊಳಗೆ ಕೆಂಪು ಚೂರು ಹಾಕಿದರೆ ಹೊರಗೆ ತೋರುತ್ತದೆ ಎಂಬುದು ನೆನಪಿರಲಿ.

ತುಂಬುವ ಕ್ರಮವೇ ಗಂಟಿಗೆ ಕಾರಣ. ಉಂಡೆ ಮಾಡಿ ತುರುಕಬೇಡಿ. ಅವಲಕ್ಕಿ ಹಗುರಾಗಿ ಬಿಡಿಸುವ ಹಾಗೆ ಬೆರಳಲ್ಲಿ ಹಿಂಜಿ, ನೆಲ್ಲಿಕಾಯಿ ಗಾತ್ರದ ಸಡಿಲ ತುಣುಕುಗಳನ್ನಾಗಿ ಮಾಡಿ. ಮೊದಲು ಸುತ್ತಲಿನ ಗೋಡೆಗೆ, ಕೊನೆಗೆ ನಡುವೆ. ಪೆನ್ಸಿಲಿನ ಮೊಂಡು ತುದಿ ಸಾಕು, ಚೂಪಾದದ್ದು ಹೊಲಿಗೆ ಸೀಳುತ್ತದೆ. ಹಿಸುಕಿ ಬಿಟ್ಟಾಗ ಉಂಡೆ ಕೂಡಲೇ ಮೊದಲಿನಂತಾದರೆ ಸರಿಯಾಗಿದೆ. ಹಿಸುಕಲೇ ಆಗದಿದ್ದರೆ ಹೆಚ್ಚಾಯಿತು, ಹೊಲಿಗೆಗಳು ಬಾಯಿಬಿಡುತ್ತವೆ.

ಇನ್ನು ತೂತು. ಎರಡು ಹೊಲಿಗೆಯನ್ನು ಒಂದು ಮಾಡುವ ಮಾಮೂಲಿ ವಿಧಾನದಲ್ಲಿ ನಾಲ್ಕು ಎಳೆ ಒಂದೆಡೆ ಮುದುಡಿ ದಪ್ಪ ಗಂಟಾಗುತ್ತದೆ, ಪಕ್ಕದಲ್ಲಿ ಸಂದು ಬೀಳುತ್ತದೆ. ಇದರ ಬದಲು ಹೀಗೆ ಮಾಡಿ: ಮೊದಲ ಹೊಲಿಗೆಯ ಮುಂದಿನ ಎಳೆಯ ಕೆಳಗೆ ಮಾತ್ರ ಕಡ್ಡಿ ತೂರಿಸಿ. ನೂಲು ಎಳೆಯದೆ, ಹಾಗೆಯೇ ಕಡ್ಡಿಯ ತುದಿಯನ್ನು ನಿಮ್ಮತ್ತ ವಾಲಿಸಿ, ಎರಡನೇ ಹೊಲಿಗೆಯ ಮುಂದಿನ ಎಳೆಯನ್ನೂ ಎತ್ತಿಕೊಳ್ಳಿ. ಈಗ ಕಡ್ಡಿಯ ಮೇಲೆ ಮೂರು ಕುಣಿಕೆ. ನೂಲು ಸುತ್ತಿ ಮೊದಲ ಎರಡರಿಂದ ಎಳೆಯಿರಿ, ಮತ್ತೆ ಸುತ್ತಿ ಉಳಿದ ಎರಡರಿಂದ ಎಳೆಯಿರಿ. ಹೊರಗಿನಿಂದ ಅದು ಮಾಮೂಲಿ ಹೊಲಿಗೆಯಂತೆಯೇ ಕಾಣುತ್ತದೆ. ಈ ಒಂದು ಚಲನೆ ಬಂದ ದಿನದಿಂದ ನಿಮ್ಮ ಗೊಂಬೆಯ ಅಂದವೇ ಬೇರೆ.

ಇನ್ನೊಂದು ಪರೀಕ್ಷೆ ಮಾಡಿ. ಉಂಡೆಯ ಹೊರಮೈಯಲ್ಲಿ ಸಾಲುಸಾಲು 'ವಿ' ಆಕಾರ ಕಾಣಬೇಕು. ಅಡ್ಡ ಗೀಟುಗಳು ಕಂಡರೆ ಒಳಮೈ ಹೊರಗಾಗಿದೆ. ಕಲಿಯುವವರು ಬಟ್ಟಲಿನಂತಾದ ಹೆಣಿಗೆಯ ಆಚೆ ಅಂಚಿನಲ್ಲಿ ಹೆಣೆಯುವುದರಿಂದ ಹೀಗಾಗುತ್ತದೆ. ಐದನೇ ಸುತ್ತಿನ ಹೊತ್ತಿಗೆ ಟೊಪ್ಪಿಯ ಒಳಮೈ ಹೊರಗೆ ತಿರುವುವಂತೆ ತಿರುವಿ, ನಿಮ್ಮ ಹತ್ತಿರದ ಅಂಚಿನಲ್ಲಿ ಹೆಣೆಯುತ್ತ ಹೋಗಿ. ಅದೃಶ್ಯವಾಗಿ ಕಡಿಮೆ ಮಾಡುವ ಈ ವಿಧಾನ ಸರಿಯಾದ ಮೈ ಹೊರಗಿದ್ದರೆ ಮಾತ್ರ ಅದೃಶ್ಯ.

ಪ್ರಶ್ನೆ: ಉಂಡೆ ಬಂತು. ಈಗ ಐದು ಮೂಲೆಯ ನಕ್ಷತ್ರ ಹೇಳಿಕೊಡಿ. (ಉಳ್ಳಾಲ)

ಉತ್ತರ: ಎರಡು ಚಪ್ಪಟೆ ನಕ್ಷತ್ರ ಮಾಡಿ ಅಂಚು ಸೇರಿಸುವುದು.

ರಿಂಗ್‌ನೊಳಗೆ 5 ಸಿಂಗಲ್ ಕ್ರೋಶ. ಎರಡನೇ ಸುತ್ತು ಪ್ರತಿಯೊಂದರಲ್ಲಿ 2, ಒಟ್ಟು 10. ಮೂರನೆಯದು 1 ಹೊಲಿಗೆ, ಮುಂದಿನದರಲ್ಲಿ 2. 5 ಸಲ, ಒಟ್ಟು 15. ಪಕ್ಕದ ಹೊಲಿಗೆಗೆ ಸ್ಲಿಪ್ ಸ್ಟಿಚ್ ಹಾಕಿ. ಇನ್ನು ಮೂಲೆ: 4 ಚೈನ್. ಕಡ್ಡಿಯಿಂದ ಎರಡನೇ ಚೈನಿಗೆ ಸ್ಲಿಪ್ ಸ್ಟಿಚ್, ಅದರ ಪಕ್ಕದ್ದಕ್ಕೆ ಸಿಂಗಲ್ ಕ್ರೋಶ, ಬುಡದ ಚೈನಿಗೆ ಹಾಫ್ ಡಬಲ್ (ಕಡ್ಡಿಗೆ ಮೊದಲೇ ಒಮ್ಮೆ ನೂಲು ಸುತ್ತಿ, ಚೈನಿನೊಳಗಿಂದ ನೂಲೆಳೆದು, ಮತ್ತೆ ಸುತ್ತಿ ಮೂರೂ ಕುಣಿಕೆಗಳಿಂದ ಒಟ್ಟಿಗೆ ಎಳೆಯುವುದು). ವೃತ್ತದ 2 ಹೊಲಿಗೆ ಬಿಟ್ಟು ಮೂರನೆಯದಕ್ಕೆ ಸ್ಲಿಪ್ ಸ್ಟಿಚ್. ಹೀಗೆ ಐದು ಸಲ ಮಾಡಿದರೆ ಹದಿನೈದು ಹೊಲಿಗೆ ಸರಿಯಾಗಿ ಮುಗಿಯುತ್ತವೆ, ಐದು ಮೂಲೆ ನಿಲ್ಲುತ್ತವೆ.

ಎರಡನ್ನು ಜೋಡಿಸುವಲ್ಲಿ ಒಂದು ಸೂಕ್ಷ್ಮವಿದೆ. ಈ ಮೂಲೆಗಳು ಒಂದು ಪಕ್ಕಕ್ಕೆ ತುಸು ವಾಲಿರುತ್ತವೆ. ಬೆನ್ನಿಗೆ ಬೆನ್ನು ಕೊಟ್ಟು ಇಟ್ಟರೆ ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ ವಾಲಿ ತುದಿಗಳು ಹೊಂದುವುದಿಲ್ಲ. ಎರಡನ್ನೂ ಒಂದೇ ಕಡೆ ಮುಖ ಮಾಡಿ ಒಂದರ ಮೇಲೊಂದು ಇಡಿ. ಹಿಂದಿನದರ ಒಳಮೈ ಹೊರಗೆ ಕಾಣುತ್ತದೆ, ಆದರೆ ಅದು ಗೋಡೆ ಅಥವಾ ಮರದ ಕಡೆಗಿರುತ್ತದೆ. ಸುತ್ತಲೂ ಎರಡು ಪದರ ಸೇರಿಸಿ ಸಿಂಗಲ್ ಕ್ರೋಶ ಹಾಕುತ್ತ ಬನ್ನಿ. ಪ್ರತಿ ಮೂಲೆಯ ತುದಿಯಲ್ಲಿ ಒಂದೇ ಜಾಗಕ್ಕೆ 3 ಹೊಲಿಗೆ, ಎರಡು ಮೂಲೆಗಳ ನಡುವಿನ ಕಣಿವೆಯಲ್ಲಿ ಒಂದೇ ಸ್ಲಿಪ್ ಸ್ಟಿಚ್. ಕಣಿವೆಯಲ್ಲಿ ಹೆಚ್ಚು ಹೊಲಿಗೆ ತುಂಬಿದರೆ ನಕ್ಷತ್ರ ಹೂವಾಗಿಬಿಡುತ್ತದೆ. ನಾಲ್ಕು ಮೂಲೆ ಮುಗಿದ ಮೇಲೆ ತುಂಬಿ, ಕೊನೆಯದನ್ನು ಮುಚ್ಚಿ. ಮೂಲೆಗಳಲ್ಲಿ ಕಡಲೆಬೇಳೆಯಷ್ಟು ಫೈಬರ್, ನಡುವೆ ತುಸು ಹೆಚ್ಚು. ಉಂಡೆಯಂತೆ ಉಬ್ಬಿಸಿದರೆ ಮೂಲೆಗಳು ಮುಂದಕ್ಕೆ ಮಡಚಿಕೊಳ್ಳುತ್ತವೆ.

ಹತ್ತಿ ನೂಲಾದರೆ ಜೋಡಿಸುವ ಮೊದಲು ಎರಡನ್ನೂ ಒದ್ದೆ ಮಾಡಿ, ಹಿಂಡಿ, ದಪ್ಪ ಟವೆಲಿನ ಮೇಲೆ ತುಕ್ಕು ಹಿಡಿಯದ ಗುಂಡುಪಿನ್ ಚುಚ್ಚಿ ಎಳೆದು ಒಣಗಿಸಿ. ಮೊನೆ ಚೂಪಾಗಿ ನಿಲ್ಲುತ್ತದೆ. ಅಕ್ರಿಲಿಕ್‌ಗೆ ಇದು ನಾಟುವುದಿಲ್ಲ. ಗಂಜಿ ಹಾಕಿ ಗಟ್ಟಿ ಮಾಡುವುದು ನಮ್ಮಲ್ಲಿ ಹಳೆಯ ರೂಢಿ. ತುಂಬಿದ ಗೊಂಬೆಗೆ ಅದು ಬೇಡ. ಗಂಜಿಯ ವಾಸನೆಗೆ ಜಿರಲೆ, ಬೆಳ್ಳಿಹುಳು ಬರುತ್ತವೆ, ಮಳೆಗಾಲದಲ್ಲಿ ಬೂಷ್ಟೂ ಅಲ್ಲೇ ಮೊದಲು ಹಿಡಿಯುತ್ತದೆ.

ಪ್ರಶ್ನೆ: ಗೋದಲಿಯ ಹಿನ್ನೆಲೆಗೆ ಸಾಲು ಮರ ಬೇಕು. ನನ್ನ ಮರ ಮೂರು ಮೂಲೆಯ ಸಮೋಸದಂತೆ ಕಾಣುತ್ತದೆ, ನಿಲ್ಲುವುದೂ ಇಲ್ಲ. (ಕುಲಶೇಖರ)

ಉತ್ತರ: ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಹೆಚ್ಚಿಸಿದ್ದೀರಿ. ಹೆಚ್ಚಿಸಿದ ಹೊಲಿಗೆಗಳು ಒಂದರ ಮೇಲೊಂದು ಕೂತರೆ ಅಲ್ಲಿ ಏಣು ಏಳುತ್ತದೆ, ಮೂರು ಜಾಗವಾದ್ದರಿಂದ ಮೂರು ಮೂಲೆ.

ಮರದ ಲೆಕ್ಕ: ರಿಂಗ್‌ನಲ್ಲಿ 6. ಮುಂದಿನ ಸುತ್ತು 6 ಹಾಗೆಯೇ. ಆಮೇಲೆ ಒಂದು ಬಿಟ್ಟು ಒಂದು ಸುತ್ತಿನಲ್ಲಿ ಮೂರು ಮೂರು ಹೆಚ್ಚಿಸಿ: 9, 9, 12, 12, 15, 15, 18, 18, 21, 21, 24, 24. ಒಟ್ಟು 14 ಸುತ್ತು. ಏಣು ಬರದಿರಲು ಹೆಚ್ಚಿಸುವ ಜಾಗವನ್ನು ಸರಿಸಬೇಕು. ಉದಾಹರಣೆಗೆ 12ರಿಂದ 15ಕ್ಕೆ ಹೋಗುವಾಗ '3 ಹೊಲಿಗೆ, ಒಂದರಲ್ಲಿ 2' ಎಂದು ಮೂರು ಸಲ. 15ರಿಂದ 18ಕ್ಕೆ ಹೋಗುವಾಗ ಮೊದಲು 2 ಹೊಲಿಗೆ, ಒಂದರಲ್ಲಿ 2. ಬಳಿಕ '4 ಹೊಲಿಗೆ, ಒಂದರಲ್ಲಿ 2' ಎಂದು ಎರಡು ಸಲ. ಉಳಿದ 2 ಹೊಲಿಗೆ. ಮುಂದೆಯೂ ಹೀಗೆಯೇ ಒಂದು ಸಲ ನೇರ, ಒಂದು ಸಲ ಅರ್ಧ ಸರಿಸಿ.

ತಳಕ್ಕೆ: ಒಂದು ಸುತ್ತು ಹೊಲಿಗೆಯ ಹಿಂದಿನ ಎಳೆಯಲ್ಲಿ ಮಾತ್ರ ಹೆಣೆಯುತ್ತ '2 ಹೊಲಿಗೆ, ಎರಡನ್ನು ಒಂದು', 18. ಹಿಂದಿನ ಎಳೆಯಲ್ಲಿ ಹೆಣೆದಾಗ ಅಂಚು ಮಡಚಿದಂತೆ ತಿರುಗಿ ತಳ ಚಪ್ಪಟೆಯಾಗುತ್ತದೆ. ಆಮೇಲೆ 12, ಕೊನೆಗೆ 6. ಬಾಯಿ ಮುಚ್ಚುವ ಮೊದಲು ತುಂಬಿ, ಐಸ್‌ಕ್ರೀಮ್ ಡಬ್ಬದ ಮುಚ್ಚಳದಿಂದ ಕತ್ತರಿಸಿದ ಸುಮಾರು ಎರಡೂವರೆ ಸೆಂ.ಮೀ. ಬಿಲ್ಲೆಯನ್ನು ತಳಕ್ಕೆ ಇಡಿ. ರಟ್ಟು ಬೇಡ, ತೇವಕ್ಕೆ ಮೆತ್ತಗಾಗುತ್ತದೆ. ಇನ್ನೂ ಭಾರ ಬೇಕಾದರೆ ತೊಳೆದು ಒಣಗಿಸಿದ ಸಣ್ಣ ಬೆಣಚುಕಲ್ಲು ನಾಲ್ಕನ್ನು ಬಟ್ಟೆಚೂರಿನಲ್ಲಿ ಕಟ್ಟಿ ಒಳಗಿಡಿ. ಕೆಲವರು ಅಕ್ಕಿ, ಹೆಸರುಕಾಳು ತುಂಬುತ್ತಾರೆ. ಒಂದು ಮಳೆಗಾಲ ಕಳೆಯುವುದರೊಳಗೆ ಹುಳ ಬಿದ್ದು ಮರವನ್ನೇ ಎಸೆಯಬೇಕಾಗುತ್ತದೆ, ದಯವಿಟ್ಟು ಮಾಡಬೇಡಿ.

ಪ್ರಶ್ನೆ: ದಸರೆಗೆ ಬಾಗಿಲಲ್ಲಿ ತೂಗಲು ಹುಲಿವೇಷದ ಪುಟ್ಟ ಹುಲಿಮುಖ ಮಾಡುತ್ತಿದ್ದೇನೆ. ಹಳದಿ ಕಪ್ಪು ಬದಲಿಸುತ್ತ ಪಟ್ಟೆ ಹೆಣೆದರೆ ನೆಟ್ಟಗಿರಬೇಕಾದ ಪಟ್ಟೆ ಓರೆಯಾಗುತ್ತದೆ. (ಉಡುಪಿ)

ಉತ್ತರ: ಬಸವನಹುಳುವಿನಂತೆ ಸುತ್ತುವ ಹೆಣಿಗೆಯಲ್ಲಿ ಪ್ರತಿ ಹೊಲಿಗೆ ತನ್ನ ಕೆಳಗಿನದರ ನೆತ್ತಿಯ ಮೇಲೆ ಕೂರುವುದಿಲ್ಲ, ಬಲಗೈಯವರಲ್ಲಿ ತುಸು ಬಲಕ್ಕೆ ಸರಿದು ಕೂರುತ್ತದೆ. ಹತ್ತು ಸುತ್ತಿಗೆ ಆ ಸರಿತ ಕಣ್ಣಿಗೆ ಹೊಡೆಯುತ್ತದೆ. ಅಲ್ಲದೆ ಹಳದಿಯ ಹಿಂದೆ ಕೊಂಡೊಯ್ದ ಕಪ್ಪು ನೂಲು ಹೊರಗೆ ನೆರಳಿನಂತೆ ತೋರುತ್ತದೆ. ಆದ್ದರಿಂದ ಮುಖವನ್ನು ಪೂರ್ತಿ ಹಳದಿಯಲ್ಲಿ ಹೆಣೆದು ಪಟ್ಟೆಯನ್ನು ಸೂಜಿಯಿಂದ ಮೇಲೆ ಬರೆಯುವುದೇ ಸರಿ. ವೇಷದಲ್ಲೂ ಮೊದಲು ಮೈಗೆಲ್ಲ ಹಳದಿ, ಆಮೇಲೆ ಕುಂಚದಲ್ಲಿ ಪಟ್ಟೆ ಎಳೆಯುವುದಲ್ಲವೇ? ಅದೇ ಕ್ರಮ.

ತಲೆಗೆ ಉಂಡೆಯ ಲೆಕ್ಕವನ್ನೇ 36ರವರೆಗೆ ಏರಿಸಿ, ಆರನೇ ಸುತ್ತು '4 ಹೊಲಿಗೆ, ಒಂದರಲ್ಲಿ 2'. 7ರಿಂದ 12ರವರೆಗೆ ಸಮ 36, ಆಮೇಲೆ 30, 24, 18, 12, 6. ಬಿಳಿ ಮೂತಿಗೆ 6, 12, 15 (3 ಹೊಲಿಗೆ, ಒಂದರಲ್ಲಿ 2, 3 ಸಲ), ಮತ್ತೆ 15. ಕಿವಿಗಳಿಗೆ 6, 9. ಮಡಚಿ, ತುಂಬದೆ ಹೊಲಿಯಿರಿ.

ಮೂತಿಯನ್ನು ಮೊದಲು ಗುಂಡುಪಿನ್ನಿನಿಂದ ಹಿಡಿಸಿ, ದೂರದಿಂದ ನೋಡಿ, ಆಮೇಲೆ ಹೊಲಿಯಿರಿ. ಮುಖದ ನಡುರೇಖೆಗಿಂತ ಸ್ವಲ್ಪ ಕೆಳಗಿದ್ದರೆ ಚೆನ್ನ. ಕಣ್ಣು ಮೂತಿಯ ಮೇಲಂಚಿಗೆ ಒತ್ತಿಕೊಂಡಿರಲಿ. ಹಣೆಗೆ ಹೋದರೆ ಹುಲಿ ಬೆಕ್ಕಾಗಿಬಿಡುತ್ತದೆ. ಪಟ್ಟೆಗೆ ಕಪ್ಪು ನೂಲನ್ನು ಎರಡೆಳೆ ಮಾಡಿ ಉದ್ದ ಹೊಲಿಗೆ ಹಾಕಿ: ಹಣೆಯ ನಡುವೆ ಮೂರು, ನಡುವಿನದು ಉದ್ದ, ಪ್ರತಿ ಕೆನ್ನೆಗೆ ಎರಡು, ಹೊರಗಿನಿಂದ ಒಳಕ್ಕೆ ಚೂಪಾಗುವಂತೆ. ಸೂಜಿ ಹೊಲಿಗೆಗಳ ನಡುವಿನ ಸಂದಿನಲ್ಲಿ ಇಳಿಯದೆ ನೂಲನ್ನೇ ಚುಚ್ಚಿ ಇಳಿಯಲಿ, ಆಗ ಪಟ್ಟೆ ಒಳಕ್ಕೆ ಸೇದಿಹೋಗುವುದಿಲ್ಲ.

ಮನೆಯಲ್ಲಿ ಮೂರು ವರ್ಷದೊಳಗಿನ ಮಕ್ಕಳಿದ್ದರೆ ಮಣಿ, ಪ್ಲಾಸ್ಟಿಕ್ ಕಣ್ಣು ಬೇಡವೇ ಬೇಡ. ಬಾಯಿಗೆ ಹೋದರೆ ಉಸಿರುಗಟ್ಟುತ್ತದೆ. ನೂಲಿನಲ್ಲೇ ಕಣ್ಣು ಬಿಡಿಸಿ.

ಪ್ರಶ್ನೆ: ಸಾಂತಾ ಟೊಪ್ಪಿಯನ್ನು ತೊಳೆದೆ, ಕೆಂಪು ಬಿಳಿಗೆಲ್ಲ ಹತ್ತಿ ಗುಲಾಬಿಯಾಯಿತು. (ಸುರತ್ಕಲ್)

ಉತ್ತರ: ಹತ್ತಿಯ ಕೆಂಪು, ಕಡು ಹಸಿರು, ಕಪ್ಪು ಬಣ್ಣ ಬಿಡುವುದು ಸಾಮಾನ್ಯ. ಹೆಣೆಯುವ ಮೊದಲೇ ಒಂದು ಗೇಣು ನೂಲನ್ನು ಬಿಸಿನೀರಲ್ಲಿ ನೆನೆಸಿ, ಬಿಳಿ ಬಟ್ಟೆಯಲ್ಲಿ ಮಡಚಿ ಒತ್ತಿ ನೋಡಿ. ಬಣ್ಣ ಹತ್ತಿದರೆ ನೂಲನ್ನು ಸಡಿಲ ಲಡಿ ಮಾಡಿ, ನೀರು ತಿಳಿಯಾಗುವವರೆಗೆ ತಣ್ಣೀರಲ್ಲಿ ಮತ್ತೆ ಮತ್ತೆ ಜಾಲಿಸಿ ಒಣಗಿಸಿಕೊಳ್ಳಿ. ತಿಳಿಯಾಗದೇ ಹೋದರೆ ಆ ನೂಲು ಒಂದೇ ಬಣ್ಣದ ಉಂಡೆಗೆ. ಕೆಂಪು ಬಿಳಿ ಸೇರುವ ಗೊಂಬೆಗೆ ಮಾತ್ರ ಅಕ್ರಿಲಿಕ್ ಬಳಸಿದರೂ ತಪ್ಪಲ್ಲ, ಅದರ ಬಣ್ಣ ಸಾಮಾನ್ಯವಾಗಿ ಬಿಡುವುದಿಲ್ಲ. ಈಗ ಗುಲಾಬಿಯಾದದ್ದನ್ನು ಒಣಗಲು ಬಿಡದೆ ತಣ್ಣೀರಲ್ಲಿ ಜಾಲಿಸಿದ್ದರೆ ಸ್ವಲ್ಪ ಹೋಗುತ್ತಿತ್ತು. ಒಣಗಿದ ಮೇಲೆ ಕಷ್ಟ. ಬಿಳಿ ಅಂಚನ್ನು ಬಿಚ್ಚಿ ಹೊಸದಾಗಿ ಹೆಣೆಯಿರಿ.

ಪ್ರಶ್ನೆ: ದೀಪಾವಳಿಗೆ ಗೂಡುದೀಪದ ಸುತ್ತ ಕ್ರೋಶದ ಗಿಳಿಗಳನ್ನು ತೂಗಬಹುದೇ? (ಕಾಪು)

ಉತ್ತರ: ಒಳಗೆ ಎಲ್‌ಇಡಿ ಇದ್ದರೆ ತೂಗಿ. ಹಣತೆ ಅಥವಾ ಮೇಣದಬತ್ತಿ ಇದ್ದರೆ ಬೇಡ. ಹತ್ತಿ ಥಟ್ಟನೆ ಹೊತ್ತಿಕೊಳ್ಳುತ್ತದೆ. ಅಕ್ರಿಲಿಕ್ ಮತ್ತು ಒಳಗಿನ ಪಾಲಿಯೆಸ್ಟರ್ ಕರಗಿ ತೊಟ್ಟಿಕ್ಕಿ ಚರ್ಮಕ್ಕೆ ಅಂಟುತ್ತವೆ, ಆ ಸುಟ್ಟಗಾಯ ಇನ್ನೂ ಕೆಟ್ಟದ್ದು. ತುಳಸಿ ಪೂಜೆಯ ದಿನ ಕಟ್ಟೆಯ ಸುತ್ತ ಸಾಲು ದೀಪ ಇಡುವವರೂ ಗಾಳಿಗೆ ತೂಗಾಡುವ ಗೊಂಬೆಗಳನ್ನು ಆ ಕಡೆ ಕಟ್ಟಬಾರದು.

ಪ್ರಶ್ನೆ: ಕಳೆದ ವರ್ಷದ ನಕ್ಷತ್ರಗಳನ್ನು ನುಸಿಗುಳಿಗೆ ಹಾಕಿ ಪೆಟ್ಟಿಗೆಯಲ್ಲಿಟ್ಟಿದ್ದೆ. ತೆಗೆದು ನೋಡಿದರೆ ಕಪ್ಪು ಚುಕ್ಕೆ, ಮುಗ್ಗಲು ವಾಸನೆ. (ಮಲ್ಪೆ)

ಉತ್ತರ: ನುಸಿಗುಳಿಗೆ ಉಣ್ಣೆಯ ಬಟ್ಟೆ ತಿನ್ನುವ ಹುಳುವಿಗೆ ಮದ್ದು. ಹತ್ತಿ, ಅಕ್ರಿಲಿಕ್ ಅದರ ಆಹಾರವೇ ಅಲ್ಲ. ನಿಮ್ಮ ನಕ್ಷತ್ರಕ್ಕೆ ಶತ್ರು ತೇವ, ಅದಕ್ಕೆ ನುಸಿಗುಳಿಗೆ ಏನೂ ಮಾಡದು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕಡಲ ಬದಿಯ ಮನೆಯಲ್ಲಿ ಮರದ ಪೆಟ್ಟಿಗೆ, ರಟ್ಟಿನ ಡಬ್ಬ ಎರಡೂ ಗಾಳಿಯ ತೇವವನ್ನು ಒಳಗೆಳೆದುಕೊಳ್ಳುತ್ತವೆ.

ಜನವರಿ 6ರ ಮೂರು ರಾಯರ ಹಬ್ಬದ ನಂತರ ಮರ ತೆಗೆಯುವಾಗ ಗೊಂಬೆಗಳನ್ನು ಹಾಗೆಯೇ ಪೆಟ್ಟಿಗೆಗೆ ಹಾಕಬೇಡಿ. ಕೈ ಬೆವರು, ಧೂಪದ ಮಸಿ ಇರುತ್ತದೆ, ಬೂಷ್ಟಿಗೆ ಅದೇ ಆಹಾರ. ಸೌಮ್ಯ ಸೋಪಿನಲ್ಲಿ ಅದ್ದಿ ಹಿಂಡಿ, ಟವೆಲಿನಲ್ಲಿ ಒತ್ತಿ, ನೆರಳಿನ ಗಾಳಿಯಲ್ಲಿ ಒಣಗಿಸಿ. ಮೇಲೆ ಒಣಗಿದ್ದರೂ ನಡುವೆ ತೇವ ಉಳಿದಿರುತ್ತದೆ, ಆದ್ದರಿಂದ ಇನ್ನೂ ಎರಡು ದಿನ ಬಿಡಿ. ಕೊನೆಗೆ ಬೆಳಗ್ಗಿನ ಎಳೆ ಬಿಸಿಲು ಒಂದು ಗಂಟೆ. ಮಧ್ಯಾಹ್ನದ ಬಿಸಿಲು ಬಣ್ಣ ತಿನ್ನುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ, ಚಪ್ಪಲಿ, ಬ್ಯಾಗುಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದನ್ನು ಒಳಗಿಡಿ. ಆ ಪೊಟ್ಟಣಗಳು ಮಕ್ಕಳ ಕೈಗೆ ಸಿಗದಿರಲಿ. ಲೋಹದ ಗಂಟೆ, ತಂತಿ ಕೊಕ್ಕೆಗಳನ್ನು ಬಿಚ್ಚಿ ಬೇರೆ ಇಡಿ. ಗೊಂಬೆಗೆ ಅವು ಅಂಟಿಸುವ ತುಕ್ಕಿನ ಕಲೆ ಹೋಗುವುದಿಲ್ಲ.

ಈಗಾಗಲೇ ಚುಕ್ಕೆ ಬಿದ್ದವುಗಳನ್ನು ಮನೆಯೊಳಗೆ ಝಾಡಿಸಬೇಡಿ, ಬೂಷ್ಟಿನ ಪುಡಿ ಉಸಿರಿಗೆ ಹೋಗುತ್ತದೆ. ಹೊರಗೆ ಒಣ ಬ್ರಷ್‌ನಿಂದ ತಿಕ್ಕಿ, ಒಂದು ಪಾಲು ಬಿಳಿ ವಿನೆಗರ್‌ಗೆ ಒಂದು ಪಾಲು ನೀರು ಬೆರೆಸಿ ಅರ್ಧ ಗಂಟೆ ನೆನೆಸಿ, ಸೋಪಿನಲ್ಲಿ ತೊಳೆದು ಬಿಸಿಲಿಗಿಡಿ. ವಾಸನೆ ಹೋಗದಿದ್ದರೆ ಬೂಷ್ಟು ಒಳಗೆ ತುಂಬಿದ ಫೈಬರಿಗೂ ಇಳಿದಿದೆ ಎಂದರ್ಥ. ಅಂಚಿನ ಹೊಲಿಗೆಯನ್ನು ಒಂದು ಮೂಲೆಯಷ್ಟು ಬಿಚ್ಚಿ, ಹಳೆಯ ಫೈಬರ್ ತೆಗೆದೆಸೆದು, ಖಾಲಿ ನಕ್ಷತ್ರವನ್ನು ಮತ್ತೊಮ್ಮೆ ತೊಳೆದು ಒಣಗಿಸಿ, ಹೊಸದು ತುಂಬಿ ಹೊಲಿಯಿರಿ.